ಐದು ದಿನದ ಆಚಾರಿ

2025ರ ಅಕ್ಟೋಬರ್ ನೆನಪು ಮಾಡಿಕೊಳ್ಳಿ. 1ನೇ ತಾರೀಖು ಬುಧವಾರ ಆಯುಧಪೂಜೆ. ಗುರುವಾರ ವಿಜಯದಶಮಿ. ಅದೇ ಗುರುವಾರ ಗಾಂಧಿ ಜಯಂತಿ. ಶುಕ್ರವಾರಕ್ಕೆ ಒಂದು ರಜಾಚೀಟಿ ಗೀಚಿದರೆ ಸಾಕು, ಶನಿವಾರ ಭಾನುವಾರ ತಾವಾಗಿಯೇ ಬಂದು ಕೂತವು. ಒಟ್ಟು ಐದು ದಿನ.

ಇದು ಎಸಿ ರೂಮಿನಲ್ಲಿ ಕೂತವರ ಲೆಕ್ಕ. ಕಾರ್ಖಾನೆಯ ಶೆಡ್ಡಿನಲ್ಲಿ ನಿಂತವನ ಲೆಕ್ಕ ಬೇರೆ. ಎರಡು ರಜೆ ಒಂದೇ ಗುರುವಾರಕ್ಕೆ ಬಿದ್ದು ಅವನಿಗೆ ಒಂದು ಮುಳುಗಿಹೋಯಿತು. ಶುಕ್ರವಾರ ಬೆಳಿಗ್ಗೆ ಮೊದಲ ಶಿಫ್ಟಿಗೆ ಅವನು ಗೇಟಿನಲ್ಲಿ ಹಾಜರು.

ತುಮಕೂರಿನ ಹತ್ತಿರ ವಸಂತನರಸಾಪುರದ ಕಾರ್ಖಾನೆಗಳ ಸಾಹೇಬರುಗಳು ಉದ್ದನೆಯ ರಜೆ ಬಂದರೆ ಏನು ಮಾಡುತ್ತಾರೆ? ಮೊದಲು ಗೋವಾಕ್ಕೆ ಹೋಗುತ್ತಿದ್ದರು. ಆಮೇಲೆ ಸಕಲೇಶಪುರದ ಹೋಂಸ್ಟೇ ಹಿಡಿದರು. ಈಗ ಮರಗೆಲಸ ಮಾಡುತ್ತಾರೆ. ಹೌದು ಸ್ವಾಮಿ, ಮರಗೆಲಸ. ಹವ್ಯಾಸಕ್ಕೆ.

ತುಮಕೂರಿನ ಹೊಸ ಬಡಾವಣೆಗಳಲ್ಲಿ ಒಂದು ಸುತ್ತು ಹೊಡೆಯಿರಿ. ಕಾರು ರಸ್ತೆಯಲ್ಲಿ ನಿಂತಿದೆ. ಕಾರಿನ ಜಾಗದಲ್ಲಿ ವರ್ಕ್‌ಬೆಂಚ್ ನಿಂತಿದೆ. ಗೋಡೆ ತುಂಬ ಜರ್ಮನಿಯ ಗರಗಸ, ಜಪಾನಿನ ಉಳಿ. ಒಂದೊಂದು ಉಳಿಗೂ ಒಂದೊಂದು ಚರ್ಮದ ಚೀಲ. ನಮ್ಮ ಊರಿನ ಆಚಾರಿ ತನ್ನ ಬಾಚಿ, ಉಳಿ, ಕೊಡತಿ, ಬೈರಿಗೆಯನ್ನೆಲ್ಲ ಒಂದು ಗೋಣಿಚೀಲದಲ್ಲಿ ಸುತ್ತಿ ಸೈಕಲ್ಲಿಗೆ ಕಟ್ಟಿಕೊಂಡು ಹೋಗಿ ಇಡೀ ಮನೆಯ ಬಾಗಿಲು ಕಿಟಕಿ ಕೂರಿಸಿ ಬರುತ್ತಿದ್ದ. ಇವರು ಈ ಶಸ್ತ್ರಾಗಾರ ಇಟ್ಟುಕೊಂಡು ಮಾಡುವುದೇನು? ಮೊಬೈಲ್ ಇಡುವ ಒಂದು ಸ್ಟ್ಯಾಂಡು.

ಅದೂ ಅಲ್ಲಾಡುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸಾಹೇಬರು ಅಷ್ಟಕ್ಕೇ ನಿಲ್ಲಲಿಲ್ಲ. ಡೊಂಕು ಎಷ್ಟಿದೆ ಎಂದು ಅಳೆಯಲು ಲೇಸರ್ ಮಟ್ಟ ಆರ್ಡರ್ ಮಾಡಿದರು.

ಇನ್ನು ಮರ. ಅದು ಎಲ್ಲಿಂದ ಬಂತು? ಹೊರದೇಶದ ಯಂತ್ರ ಕಾರ್ಖಾನೆಗೆ ಬಂದಾಗ ಕೆಳಗೆ ಪೈನ್ ಮರದ ಪ್ಯಾಲೆಟ್ ಬರುತ್ತದೆ. ಯಂತ್ರ ಒಳಗೆ, ಪ್ಯಾಲೆಟ್ ಗುಜರಿಗೆ. ನಡುವೆ ಅದು ಸಾಹೇಬರ ಕಣ್ಣಿಗೆ ಬೀಳುತ್ತದೆ. ಗುತ್ತಿಗೆ ಹುಡುಗರು ಹೊತ್ತು ಟೆಂಪೊಗೆ ಹಾಕುತ್ತಾರೆ. ಇದು ಮರುಬಳಕೆ, ಪರಿಸರ ಪ್ರೇಮ. ಅದೇ ಪ್ಯಾಲೆಟ್ಟಿನ ಎರಡು ಹಲಗೆಯನ್ನು ಒಬ್ಬ ಗುತ್ತಿಗೆ ಹುಡುಗ ಹಂಡೆ ಒಲೆಗೆಂದು ಕಂಕುಳಲ್ಲಿ ಇಟ್ಟುಕೊಂಡು ಹೊರಟರೆ? ಗೇಟಿನಲ್ಲಿ ಸೆಕ್ಯುರಿಟಿ ತಡೆಯುತ್ತಾನೆ. ಅದು ಕಳವು, ಮಾರನೇ ದಿನದಿಂದ ಕೆಲಸಕ್ಕೆ ಬರುವುದು ಬೇಡ.

ಪ್ಯಾಲೆಟ್ಟಿನ ಮೇಲೆ ಒಂದು ಮುದ್ರೆ ಇರುತ್ತದೆ. ಎಚ್‌ಟಿ ಎಂದಿದ್ದರೆ ಮರವನ್ನು ತಿರುಳಿನವರೆಗೂ 56 ಡಿಗ್ರಿಗೆ ಕಾಯಿಸಿ 30 ನಿಮಿಷ ಇಟ್ಟು ಹುಳ ಕೊಂದಿದ್ದಾರೆ. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಕೊಟ್ಟಿದ್ದಾರೆ. ಸಾಹೇಬರು ಇದನ್ನೆಲ್ಲ ಓದಿಕೊಂಡಿದ್ದಾರೆ, ಪಾಪ. ಎಚ್‌ಟಿ ಹಲಗೆ ಆರಿಸಿ ಮನೆಗೆ ಸಾಗಿಸುತ್ತಾರೆ. ಎಂಬಿ ಹಲಗೆ ಕಾರ್ಮಿಕರು ಬುತ್ತಿ ಬಿಚ್ಚುವ ಜಾಗದಲ್ಲಿ ಬೆಂಚಾಗುತ್ತದೆ.

ಪೈನ್ ಬೇಜಾರಾದರೆ ಹಳೇ ಮನೆಯ ಮರ. ಹಳ್ಳಿಯಲ್ಲಿ ಯಾವುದಾದರೂ ತೊಟ್ಟಿಮನೆ ಕೆಡವುತ್ತಿದ್ದಾರೆ ಎಂದರೆ ಇವರಿಗೆ ಎಲ್ಲಿಂದಲೋ ವಾಸನೆ ಬಡಿಯುತ್ತದೆ. ತಲೆಮಾರುಗಳು ಒರಗಿ ಕೂತ ಕಂಬವನ್ನು ಚೌಕಾಸಿ ಮಾಡಿ ತಂದು, ನಾಲ್ಕು ತುಂಡು ಮಾಡಿ ಟೀಪಾಯಿಗೆ ಕಾಲು ಇಡುತ್ತಾರೆ. ಆಮೇಲೆ ಮನೆಗೆ ಬಂದವರಿಗೆ ಪರಂಪರೆ ಉಳಿಸಿದ ಕತೆ ಹೇಳುತ್ತಾರೆ.

ಪರಂಪರೆಯ ಮಾತು ಬಂತಲ್ಲ, ಕೇಳಿ. ಕೋರಾ, ವಸಂತನರಸಾಪುರದ ಸುತ್ತ ಹಿಂದೆ ಇದ್ದದ್ದು ರಾಗಿ ಹೊಲ. ಆ ಹೊಲಗಳಿಗೆ ನೇಗಿಲು, ನೊಗ, ಕುಂಟೆ, ಕೂರಿಗೆ ಮಾಡಿಕೊಡುತ್ತಿದ್ದವನು ಊರಿನ ಆಚಾರಿ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಅವನ ಪಾಲಿನ ರಾಗಿ ಅಳೆದು ಹಾಕುತ್ತಿದ್ದರು. ಆಯ ಎನ್ನುತ್ತಿದ್ದರು ಅದಕ್ಕೆ. ಟ್ರ್ಯಾಕ್ಟರ್ ಬಂದು ನೇಗಿಲು ಹೋಯಿತು. ಕೈಗಾರಿಕೆಗೆ ಜಮೀನು ಹಿಡಿಯುವ ಕೆಐಎಡಿಬಿ ಬಂದು ಹೊಲವೇ ಹೋಯಿತು. ಹೊಲ ಕೊಟ್ಟವನಿಗೆ ಪರಿಹಾರ ಬಂತು. ಹೊಲವೇ ಇಲ್ಲದ, ಹೊಲವನ್ನು ನಂಬಿ ಬದುಕಿದ್ದ ಆಚಾರಿಗೆ? ನೊಗ ಮಾಡಿದ್ದಕ್ಕೆ ಪಹಣಿ ಇರುವುದಿಲ್ಲ.

2014ರ ಸೆಪ್ಟೆಂಬರ್ 24ರಂದು ಪ್ರಧಾನಿ ಇಲ್ಲಿಗೇ ಬಂದು ಫುಡ್ ಪಾರ್ಕ್ ಉದ್ಘಾಟಿಸಿ ಹೋದರು. ಉದ್ಯೋಗದ ಭಾಷಣ ಊರೆಲ್ಲ ಕೇಳಿತು. ಆಚಾರಿಯ ಮಕ್ಕಳಿಗೂ ಕೆಲಸ ಸಿಗದೆ ಇರಲಿಲ್ಲ. ಸಿಕ್ಕಿತು, ಗುತ್ತಿಗೆಯಲ್ಲಿ. ಅಜ್ಜ ಗಾಡಿ ಚಕ್ರ ಕಡೆದ. ಮೊಮ್ಮಗ ಪ್ಯಾಕಿಂಗ್ ಪೆಟ್ಟಿಗೆಗೆ ಮೊಳೆ ಹೊಡೆಯುತ್ತಾನೆ. ಅವನ ಮ್ಯಾನೇಜರು ಶನಿವಾರ ಯೂಟ್ಯೂಬ್ ನೋಡಿ ಡವ್‌ಟೇಲ್ ಜಾಯಿಂಟ್ ಕಲಿಯುತ್ತಾನೆ. ಎಂಥ ಪ್ರಗತಿ!

ಆಯುಧಪೂಜೆಗೆ ಬನ್ನಿ. ಅಂದು ಆಯುಧಕ್ಕೆ ವಿಶ್ರಾಂತಿ. ಇಟ್ಟು ಪೂಜೆ ಮಾಡಬೇಕು, ಮುಟ್ಟಬಾರದು. ನಮ್ಮ ಆಚಾರಿಗಳು ಇವತ್ತಿಗೂ ಮುಟ್ಟುವುದಿಲ್ಲ, ಒಂದು ದಿನದ ಕೂಲಿ ಹೋದರೂ ಸರಿ. ಸಾಹೇಬರು ಜರ್ಮನ್ ಗರಗಸಕ್ಕೆ ಕುಂಕುಮ ಇಟ್ಟರು, ಚೆಂಡು ಹೂ ಹಾಕಿದರು, ಫೋಟೊ ತೆಗೆದರು, ಹತ್ತೇ ನಿಮಿಷಕ್ಕೆ ಸ್ವಿಚ್ ಒತ್ತಿದರು. ರಜೆ ವೇಸ್ಟ್ ಆಗಬಾರದಲ್ಲ. ಬೂದುಗುಂಬಳ ಮಾತ್ರ ಸಂಪ್ರದಾಯದ ಪ್ರಕಾರವೇ ನಡುರಸ್ತೆಯಲ್ಲಿ ಒಡೆದರು. ಬೈಕಿನವನು ಜಾರಿ ಬಿದ್ದರೆ ಅದು ಅವನ ದೃಷ್ಟಿದೋಷ.

ಕಾರ್ಖಾನೆಯಲ್ಲೂ ಪೂಜೆ ನಡೆಯಿತು. ಕಾಯಂ ನೌಕರರಿಗೆ ಸ್ವೀಟ್ ಡಬ್ಬಿ. ಗುತ್ತಿಗೆಯವರಿಗೆ ಕಡ್ಲೆಪುರಿ ಪೊಟ್ಟಣ. ದೇವಿಗೆ ಈ ವ್ಯತ್ಯಾಸ ಗೊತ್ತಿರಲಿಕ್ಕಿಲ್ಲ, ಎಚ್‌ಆರ್‌ನವರಿಗೆ ಗೊತ್ತು.

ಗರಗಸದ ಸದ್ದಿನ ವಿಚಾರ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್ ಮಿತಿ. ಮರ ಕೊಯ್ಯುವ ಯಂತ್ರ ನೂರರ ಹತ್ತಿರ ಕಿರುಚುತ್ತದೆ. ಗಣೇಶನ ಪೆಂಡಾಲಿನ ಮೈಕು ಜೋರಾಯಿತೆಂದು ಪೊಲೀಸರಿಗೆ ಫೋನ್ ಮಾಡಿದವರು ಇದೇ ಸಾಹೇಬರು. ಐದು ದಿನವೂ ಪಕ್ಕದ ಮನೆಯ ಅಜ್ಜಿ ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದರು. ಅವರಿಗೆ ಕಲೆಯ ಬೆಲೆ ಗೊತ್ತಿಲ್ಲ.

ಸಾಹೇಬರ ಮುಖದ ಮೇಲೆ ಮಾಸ್ಕ್ ಇದೆ. ಎರಡು ಫಿಲ್ಟರಿನದು, ಆಮದು ಮಾಲು. ತಪ್ಪೇನಿಲ್ಲ. ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ 1995ರಲ್ಲಿ ಹೇಳಿದೆ. ಇದನ್ನೂ ಅವರು ಓದಿದ್ದಾರೆ. ಆದರೆ ಹೋದ ವರ್ಷ ಅವರದೇ ಮನೆಯ ವಾರ್ಡ್‌ರೋಬ್ ಕೆಲಸಕ್ಕೆ ಬಂದ ಹುಡುಗ ನಾಲ್ಕು ದಿನ ಮೂಗಿಗೆ ಟವೆಲ್ ಸುತ್ತಿಕೊಂಡು ಸ್ಯಾಂಡಿಂಗ್ ಮಾಡಿದ. ಆಗ ಯಾರೂ ಏನೂ ಓದಿರಲಿಲ್ಲ. ಬದಲಿಗೆ, "ಧೂಳು ಒಳಗೆ ಬರ್ತಿದೆ, ಬಾಗಿಲು ಹಾಕ್ಕೊಂಡು ಕೆಲಸ ಮಾಡಪ್ಪ" ಎಂದಿದ್ದರು.

ಕೆಲಸ ಮುಗಿದ ದಿನದ ಮಾತುಕತೆಯೂ ಕೇಳುವಂತಿತ್ತು.

"ಏನ್ ಆಚಾರ್ರೇ, ಇಷ್ಟಕ್ಕೆ ಇಷ್ಟು ದುಡ್ಡಾ? ಎರಡು ದಿನದ ಕೆಲಸ ಅಷ್ಟೇ ಅಲ್ವಾ?"

"ಇಲ್ಲ ಸಾರ್, ನಾಕ್ ದಿನ ಆಯ್ತು. ಜೊತೆಗೆ ಹೆಲ್ಪರ್ ಬೇರೆ."

"ಹೆಲ್ಪರ್ ಏನ್ ಮಾಡ್ದ? ಬರೀ ಹಲಗೆ ಹಿಡ್ಕೊಂಡು ನಿಂತಿದ್ದ."

ಐನೂರು ರೂಪಾಯಿ ಮುರಿದುಕೊಂಡೇ ಕಳಿಸಿದರು. ಆ ಐನೂರು ಈಗ ಯಾವ ಬ್ಲೇಡಿನ ಕೊರಿಯರ್ ಚಾರ್ಜಿಗೆ ಹೋಯಿತೋ. ಬ್ಲೇಡ್ ಕಂಪನಿಯ ಜೊತೆ ಚೌಕಾಸಿ ಇಲ್ಲ. ಅಲ್ಲಿ ಎಂಆರ್‌ಪಿ ಇದೆ. ಬೆವರಿಗೆ ಎಂಆರ್‌ಪಿ ಇಲ್ಲ.

ಸರ್ಕಾರವೂ ಹಿಂದೆ ಬಿದ್ದಿಲ್ಲ. 2023ರ ಸೆಪ್ಟೆಂಬರ್ 17ರಂದು ಪಿಎಂ ವಿಶ್ವಕರ್ಮ ಯೋಜನೆ ಶುರುವಾಯಿತು. ಹದಿನೆಂಟು ಕಸುಬುಗಳಲ್ಲಿ ಬಡಗಿಯದ್ದೂ ಒಂದು. ತರಬೇತಿ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿ, ಆಮೇಲೆ ಎರಡು ಕಂತಿನಲ್ಲಿ 3 ಲಕ್ಷದವರೆಗೆ ಸಾಲ. ತಲೆಮಾರುಗಳಿಂದ ಉಳಿ ಹಿಡಿದವನು ತಾನು ಬಡಗಿ ಎಂದು ಸಾಬೀತು ಮಾಡಲು ಆಧಾರ್ ಹಿಡಿದು ಹೆಬ್ಬೆಟ್ಟು ಒತ್ತಬೇಕು. ಮೊನ್ನೆ ಶನಿವಾರ ಉಳಿ ಹಿಡಿದವನು ಇನ್‌ಸ್ಟಾಗ್ರಾಮಿನಲ್ಲಿ ತನ್ನ ಹೆಸರಿನ ಕೆಳಗೆ ಮರದ ಕಲಾವಿದ ಎಂದು ತಾನೇ ಬರೆದುಕೊಂಡರೆ ಮುಗಿಯಿತು. ಬಡಗಿಯ ಜೀವಮಾನದ ಉಪಕರಣಕ್ಕೆ ಸರ್ಕಾರ ಕೊಡುವ ಹದಿನೈದು ಸಾವಿರ ಈ ಕಲಾವಿದರ ಒಂದು ಹಬ್ಬದ ಬಿಲ್ಲಿಗೆ ಸಾಲದು.

ಕೊನೆಗೆ ಐದನೇ ದಿನ ಸ್ಟ್ಯಾಂಡು ತಯಾರಾಗುತ್ತದೆ. ಮನೆಮಂದಿ ಹೊಗಳಲೇಬೇಕು. ತಾನೇ ಕೈಯಾರೆ ಮಾಡಿದ ವಸ್ತುವಿಗೆ ಮನುಷ್ಯ ಇಲ್ಲದ ಬೆಲೆ ಕಟ್ಟುತ್ತಾನೆ ಎಂಬುದನ್ನು ಅಮೆರಿಕದ ಮೂವರು ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ. ಹೊಸಬರು ಮಡಚಿದ ಸೊಟ್ಟ ಕಾಗದದ ಹಕ್ಕಿಗೆ ಅವರೇ ಹೆಚ್ಚುಕಡಿಮೆ ಪರಿಣತರ ಹಕ್ಕಿಯಷ್ಟು ಬೆಲೆ ಕೊಡಲು ಸಿದ್ಧರಿದ್ದರಂತೆ. ಬೇರೆಯವರು ನೋಡಿ ಅದಕ್ಕೆ ಕಸದ ಬೆಲೆ ಕಟ್ಟಿದರಂತೆ. ಕೊಂಡವರೇ ಜೋಡಿಸಿಕೊಳ್ಳುವ ಪೀಠೋಪಕರಣ ಮಾರುವ ಕಂಪನಿಯ ಹೆಸರಿನಲ್ಲಿ ಐಕಿಯಾ ಪರಿಣಾಮ ಎಂದು ಅದಕ್ಕೆ ಹೆಸರಿಟ್ಟರು. 2022ರ ಜೂನ್‌ನಲ್ಲಿ ಆ ಐಕಿಯಾದ ಅಂಗಡಿಯೇ ನಮ್ಮ ತುಮಕೂರು ರಸ್ತೆಯ ನಾಗಸಂದ್ರಕ್ಕೆ ಬಂತು. ಪರಿಣಾಮ ಮಾತ್ರ ಟೋಲ್ ಕಟ್ಟಿ ವಸಂತನರಸಾಪುರದವರೆಗೂ ಬಂದಿದೆ.

ಇಲ್ಲೇ ತುಮಕೂರು ತಾಲ್ಲೂಕಿನ ಗೂಳೂರಿನ ಹತ್ತಿರ ಕೈದಾಳ. ಶಿಲ್ಪಿ ಜಕಣಾಚಾರಿಯ ಊರು ಎಂದು ಜನ ನಂಬಿಕೊಂಡು ಬಂದ ಊರು. ಬೇಲೂರಿನ ವಿಗ್ರಹದ ಕಲ್ಲಿನಲ್ಲಿ ಒಬ್ಬ ಹುಡುಗ ದೋಷ ತೋರಿಸಿದ್ದಕ್ಕೆ, ತಪ್ಪಿದ್ದರೆ ಕೈ ಕಡಿದುಕೊಳ್ಳುತ್ತೇನೆ ಎಂದು ಆಡಿದ ಮಾತಿನಂತೆ ಬಲಗೈಯನ್ನೇ ಕತ್ತರಿಸಿಕೊಂಡನಂತೆ ಆತ. ಅದು ಐತಿಹ್ಯ, ಇರಲಿ. ಅದೇ ತಾಲ್ಲೂಕಿನ ಇವತ್ತಿನ ಶಿಲ್ಪಿಗಳಿಗೆ "ಸಾರ್, ಇಲ್ಲಿ ಸಂದು ಬಿಟ್ಟಿದೆ" ಎಂದು ಹೇಳಿ ನೋಡಿ. ಕೈ ಕತ್ತರಿಸಿಕೊಳ್ಳುವುದು ಬೇಡ. ಗರಗಸದ ಪುಡಿಗೆ ಫೆವಿಕಾಲ್ ಕಲಸಿ ಸಂದು ಮುಚ್ಚುತ್ತಾರೆ. ಕೇಳಿದರೆ, ಅದು ಕೈಕೆಲಸದ ಸೊಬಗು. ಅಂಥದೇ ಸಂದು ಆಚಾರಿಯ ಕೆಲಸದಲ್ಲಿ ಕಂಡಿದ್ದರೆ ಇನ್ನೊಂದು ಐನೂರು ಕಟ್.

ಗಾಂಧಿ ಜಯಂತಿಯನ್ನು ಮರೆತೆವೇ? ಸಾಹೇಬರು ಮರೆತಿಲ್ಲ. ಉಳಿ ಹಿಡಿದ ಫೋಟೊದ ಕೆಳಗೆ ಶ್ರಮದ ಘನತೆ ಎಂದು ಹಾಕಿದ್ದಾರೆ. 1910ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಶುರುವಾದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಗಾಂಧಿ ಚಪ್ಪಲಿ ಹೊಲಿದರು, ಬಡಗಿ ಕೆಲಸವೂ ಅಲ್ಲಿ ನಡೆಯಿತು. ಬೇಕಾದ ಬೆಂಚು ಪೆಟ್ಟಿಗೆಗಳನ್ನು ಅವರೇ ಮಾಡಿಕೊಂಡರು. ಅವರಿಗೆ ಅದು ವಾರಾಂತ್ಯದ ಮೋಜಾಗಿರಲಿಲ್ಲ. ಪಾಯಿಖಾನೆ ತೊಳೆಯುವುದೂ ಆ ಶ್ರಮದ ಘನತೆಯಲ್ಲಿ ಸೇರಿತ್ತು. ಅದಕ್ಕೆ ಇನ್ನೂ ಯಾರೂ ಹವ್ಯಾಸಿ ಬಳಗ ಕಟ್ಟಿಲ್ಲ.

ಶ್ರಮದ ಘನತೆಗೆ ನಮ್ಮ ಶಾಸನಸಭೆಯೂ ಗೌರವ ಸಲ್ಲಿಸಿದೆ. 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿತು. ಹನ್ನೆರಡು ಗಂಟೆ ಯಂತ್ರದ ಮುಂದೆ ನಿಂತು ಬಂದವನಿಗೆ ಹವ್ಯಾಸ ಇರುವುದಿಲ್ಲ. ನಿದ್ದೆ ಇರುತ್ತದೆ. ಅವನ ಶಿಫ್ಟಿನ ಪಟ್ಟಿಗೆ ಸಹಿ ಹಾಕಿ ಬಂದವರಿಗೆ ಒತ್ತಡ ಇರುತ್ತದೆ. ಒತ್ತಡ ಕಳೆಯಲು ಅವರು ಕೈಕೆಲಸ ಮಾಡುತ್ತಾರೆ.

ಒಂದೇ ಒಂದು ಪರೀಕ್ಷೆ ಸಾಕು. ಈ ಸಾಹೇಬರ ಮಗ ಎಸ್‌ಎಸ್‌ಎಲ್‌ಸಿ ಮುಗಿಸಿ, "ಅಪ್ಪಾ, ನಾನು ಐಟಿಐ ಸೇರಿ ಕಾರ್ಪೆಂಟರ್ ಆಗ್ತೀನಿ" ಎನ್ನಲಿ. ಮನೆಯಲ್ಲಿ ಅವತ್ತು ಒಲೆ ಹತ್ತುವುದಿಲ್ಲ. ಧ್ಯಾನ, ಘನತೆ, ಮರದ ಜೊತೆಗಿನ ಸಂವಾದ ಎಲ್ಲ ಸಂಜೆಯೊಳಗೆ ಅಟ್ಟ ಸೇರುತ್ತವೆ. ಉಳಿ ಕೈಯಲ್ಲಿದ್ದು ಸಂಬಳ ಬೇರೆ ಕಡೆಯಿಂದ ಬಂದರೆ ಕಲೆ. ಸಂಬಳವೇ ಉಳಿಯಿಂದ ಬರುವುದಾದರೆ ಹುಡುಗನ ಭವಿಷ್ಯ ಹಾಳು.

ಮರಗೆಲಸ ಮಾಡಬೇಡಿ ಎಂದು ಯಾರೂ ಹೇಳುತ್ತಿಲ್ಲ. ಧಾರಾಳವಾಗಿ ಮಾಡಿ. ನಿಮ್ಮ ಬೆರಳು, ನಿಮ್ಮ ಇನ್ಶೂರೆನ್ಸ್. ಆದರೆ ಒಂದು ಪೈನ್ ಹಲಗೆ ನೆಟ್ಟಗೆ ಕೊಯ್ಯಲು ಐದು ದಿನ ಹೆಣಗಿದ ಮೇಲಾದರೂ ಒಂದು ವಿಷಯ ತಲೆಗೆ ಹೋಗಬೇಕಿತ್ತು. ಆಚಾರಿ ಕೇಳಿದ ಕೂಲಿ ಜಾಸ್ತಿಯಾಗಿರಲಿಲ್ಲ.

ಮುಂದಿನ ದಸರಾಕ್ಕೆ ಹೊಸ ಹವ್ಯಾಸ ಬೇಕಿದ್ದರೆ ಹೇಳುತ್ತೇನೆ. ಮುರಿದುಕೊಂಡ ಆ ಐನೂರನ್ನು ತೆಗೆದುಕೊಂಡು ಅವನ ಮನೆಗೆ ಹೋಗಿ ಕೊಟ್ಟು ಬನ್ನಿ. ಯಾವ ಆಮದು ಉಪಕರಣವೂ ಬೇಡ. ಫೋಟೊ ಮಾತ್ರ ತೆಗೆಯಬೇಡಿ.