ಕ್ರೀತಾನುಶಯ ಮೀಮಾಂಸೆ, ಅಥವಾ ಮರಳಿ ಬಂದ ಸೀರೆ

ಕೊಂಡವನಿಗೆ ಕೊಂಡ ಮೇಲೆ ಉಂಟಾಗುವ ಪಶ್ಚಾತ್ತಾಪಕ್ಕೆ ನಮ್ಮ ಧರ್ಮಶಾಸ್ತ್ರಕಾರರು ಕ್ರೀತಾನುಶಯವೆಂದು ಹೆಸರಿಟ್ಟು, ನ್ಯಾಯಸ್ಥಾನದಲ್ಲಿ ವಿಚಾರಿಸತಕ್ಕ ವಿಷಯಗಳಲ್ಲಿ ಅದನ್ನೂ ಎಣಿಸಿದ್ದಾರೆ; ಹಿಂದೂಪುರದ ಅಂಗಡಿಬೀದಿಯಲ್ಲಿ ಇದೇ ವ್ಯಾಧಿಗೆ ‘ರಿಟರ್ನ್’ ಎಂದು ಹೆಸರು. ಅನುಶಯವು ಮನಸ್ಸಿನಲ್ಲಿ ಹುಟ್ಟತಕ್ಕದ್ದೆಂದು ಪ್ರಾಚೀನರು ನಂಬಿದ್ದರು. ಅದು ಮದುವೆಯ ಛತ್ರದಲ್ಲಿ, ಊಟವಾಗಿ ಎಲೆ ಎತ್ತಿದ ಬಳಿಕ, ಹುಟ್ಟುವುದೆಂಬ ನವೀನ ಸಿದ್ಧಾಂತವನ್ನು ಸ್ಥಾಪಿಸುವುದೇ ಈ ಪ್ರಬಂಧದ ಉದ್ದೇಶ.

ಪ್ರಮಾಣವಾಗಿ ನಮ್ಮೆದುರಿಗಿರುವುದು 4,800 ರೂಪಾಯಿಯ ಒಂದು ಧರ್ಮಾವರದ ಸೀರೆ. ಹಿಂದೂಪುರದ ವರ್ತಕರೊಬ್ಬರು ಇದನ್ನು ಆನ್‌ಲೈನಿನಲ್ಲಿ ಮಾರಿ ಕಲ್ಯಾಣದುರ್ಗಕ್ಕೆ ಕಳುಹಿದರು. ಅನಂತಪುರ ಜಿಲ್ಲೆಯೊಳಗೆ ಒಟ್ಟಿಗಿದ್ದ ಈ ಎರಡು ಊರುಗಳಲ್ಲಿ ಹಿಂದೂಪುರವು 2022ರ ಏಪ್ರಿಲ್ 4ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವುದರಿಂದ, ಸೀರೆಗೆ ಅಂತರ್ಜಿಲ್ಲಾ ಯಾತ್ರೆಯ ಗೌರವವೂ ಪ್ರಾಪ್ತವಾಯಿತು. ಆರನೆಯ ದಿನ ಅದು ‘ಬಣ್ಣ ಇಷ್ಟವಾಗಲಿಲ್ಲ’ ಎಂಬ ಒಕ್ಕಣೆಯೊಡನೆ ಮರಳಿತು. ಮಡಿಕೆ ಬಿಡಿಸಲಾಗಿ ಸೆರಗಿನಲ್ಲಿ ಅರಿಶಿನದ ಕಲೆ, ನೆರಿಗೆಯಲ್ಲಿ ಏಳು ಅಕ್ಷತೆಯ ಕಾಳು, ಅಂಚಿನ ಜರಿಗೆ ಸಿಕ್ಕಿಕೊಂಡ ಒಂದು ಒಗ್ಗರಣೆಯ ಸಾಸಿವೆ ಲಭಿಸಿದವು. ಸಾಸಿವೆಯ ಮೂಲದ ವಿಷಯದಲ್ಲಿ ಮತಭೇದವಿದೆ: ಚಿತ್ರಾನ್ನದ್ದೆಂದು ವರ್ತಕರ ಪಕ್ಷ, ಕೋಸಂಬರಿಯದೆಂದು ಅವರ ಪತ್ನಿಯ ಪಕ್ಷ; ಎರಡನೆಯದೇ ಪ್ರಬಲವಾಗಿ ತೋರುತ್ತದೆ.

ಪ್ರಾಚೀನರು ಇಂಥ ಗಿರಾಕಿಯನ್ನು ಕಾಣದವರಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಅರ್ಥಶಾಸ್ತ್ರದಲ್ಲಿ ಕೌಟಿಲ್ಯನು, ವರ್ತಕರಿಗೆ ಒಂದು ರಾತ್ರಿ, ಕೃಷಿಕರಿಗೆ ಮೂರು, ಗೋಪಾಲಕರಿಗೆ ಐದು ರಾತ್ರಿಗಳ ಅನುಶಯವನ್ನು ವಿಧಿಸಿ, ಕೊಂಡ ಮಾಲನ್ನು ನಿಷ್ಕಾರಣವಾಗಿ ಒಲ್ಲೆನೆಂಬವನಿಗೂ ಮಾರಿದ ಮಾಲನ್ನು ಕೊಡೆನೆಂಬವನಿಗೂ ಸಮನಾಗಿ 12 ಪಣ ದಂಡ ಹಾಕಿದ್ದಾನೆ. ನಮ್ಮ ಸೀರೆಗೆ ದೊರೆತ ಅವಧಿ ಏಳು ದಿನ. ಹಸುವಿಗಿಂತ ಬಣ್ಣವನ್ನು ಪರೀಕ್ಷಿಸುವುದು ಕಠಿನವೆಂದು ಇದರಿಂದ ಊಹಿಸಬೇಕು. ಸ್ಮೃತಿಕಾರನಾದ ನಾರದನಾದರೋ ಎರಡನೆಯ ದಿನ ಮರಳಿಸಿದರೆ ಮೂವತ್ತನೆಯ ಒಂದು ಭಾಗವನ್ನೂ ಮೂರನೆಯ ದಿನ ಅದರ ಇಮ್ಮಡಿಯನ್ನೂ ಮುರಿದುಕೊಂಡು, ಆಮೇಲೆ ಮಾಲು ಕೊಂಡವನದೇ ಎಂದುಬಿಡುತ್ತಾನೆ. ಈ ಲೆಕ್ಕದಲ್ಲಿ ವರ್ತಕರಿಗೆ 160 ರೂಪಾಯಿಯೋ 320 ರೂಪಾಯಿಯೋ ಸಲ್ಲಬೇಕಾಗಿದ್ದ ಕಾಲವು ಮಾಂಗಲ್ಯಧಾರಣೆಗೆ ಮೊದಲೇ ಕಳೆದಿತ್ತು. ಒಮ್ಮೆ ಒಗೆದ ವಸ್ತ್ರದ ಬೆಲೆಯಲ್ಲಿ ಎಂಟನೆಯ ಒಂದು ಭಾಗ, ಎಂದರೆ 600 ರೂಪಾಯಿ, ಇಳಿಯತಕ್ಕದ್ದೆಂದೂ ಅವನ ಮತ. ಒಗೆಯುವಷ್ಟು ಸೌಜನ್ಯವನ್ನಾದರೂ ಆ ಋಷಿಯು ಗಿರಾಕಿಯಲ್ಲಿ ಭಾವಿಸಿಕೊಂಡಿದ್ದನು.

ಅರ್ವಾಚೀನರ ದೃಷ್ಟಿ ಬೇರೆ. ಒಲ್ಲೆನೆನ್ನುವ ಹಕ್ಕುಳ್ಳ ಕೊಳ್ಳುವವನು ಮಾಲನ್ನು ಹೊತ್ತು ತರಬೇಕಾಗಿಲ್ಲ, ಒಲ್ಲೆನೆಂದು ತಿಳಿಸಿದರೆ ಸಾಕು ಎಂದು 1930ರ ಸರಕು ಮಾರಾಟ ಕಾಯಿದೆಯ 43ನೆಯ ಕಲಮು ಹೇಳುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಯಾರ ಸಂರಕ್ಷಣೆಗೆಂಬುದನ್ನು ತನ್ನ ಹೆಸರಿನಲ್ಲೇ ಸಾರುತ್ತದೆ. ಮಾರುವವರು ಕೊಳ್ಳುವವರನ್ನು ಕುರಿತು ಕೆಟ್ಟ ಅಭಿಪ್ರಾಯ ಬರೆಯುವ ಪದ್ಧತಿಯನ್ನು ಸಾಗರದಾಚೆಯ ಈಬೇ ಪೇಟೆಯೂ 2008ರಲ್ಲೇ ನಿಲ್ಲಿಸಿತು. ಅಂದಿನಿಂದ ನಕ್ಷತ್ರಗಳು ಒಂದೇ ದಿಕ್ಕಿನಿಂದ ಉದುರುತ್ತಿವೆ.

ಹಾಗಾದರೆ ಮಾರುವವರಿಗೆ ರಕ್ಷೆ ಯಾವುದು? ಅಂಗಡಿಯ ಗೋಡೆಯ ಮೇಲೆ ‘ನೇಡು ನಗದು, ರೇಪು ಅರುವು’ (ಇಂದು ನಗದು, ನಾಳೆ ಸಾಲ) ಎಂಬ ತೆಲುಗು ಶಾಸನವನ್ನು ಬರೆಸಿದ್ದ ತಂದೆಯವರಿಗೆ ಅಷ್ಟೇ ಸಾಕಾಗಿತ್ತೆಂದು ನೆನೆದು, ನಮ್ಮ ವರ್ತಕರು ನಿಟ್ಟುಸಿರಿಟ್ಟರು: “ನಮ್ಮಪ್ಪ ಗಿರಾಕಿ ಮುಖ ನೋಡಿ ಮಾಲು ಬಿಚ್ಚೋರು ಸ್ವಾಮಿ. ನಮಗೆ ಕಾಣೋದು ಪಿನ್‌ಕೋಡು. ಕಟ್ಟೋವಾಗ ಒಂದು ವಿಡಿಯೋ, ವಾಪಸ್ ಬಂದಾಗ ಬಿಚ್ಚೋಕೆ ಇನ್ನೊಂದು ವಿಡಿಯೋ. ಮದುವೆಯಲ್ಲಿ ಉಟ್ಟಿದ್ದರ ವಿಡಿಯೋ ಮಾತ್ರ ಅವರ ಹತ್ರಾನೇ ಇರುತ್ತೆ.”

ಸೀರೆಯು ಮತ್ತೆ ಮಾರಾಟಕ್ಕೆ ಬಾರದೆ ವರ್ತಕರ ಪತ್ನಿಯ ಪಾಲಾಯಿತು. ಮುಂದಿನ ಭಾನುವಾರ ಅವರಿಬ್ಬರೂ ಲೇಪಾಕ್ಷಿಗೆ ಹೋಗಿ, ನೆಲಕ್ಕೆ ತಾಗದೆ ನಿಂತಿರುವುದೆಂದು ಖ್ಯಾತವಾದ ಕಂಬದ ಅಡಿಯಲ್ಲಿ, ಯಾತ್ರಿಕರೆಲ್ಲರೂ ಮಾಡುವಂತೆ, ಸೆರಗನ್ನು ಈ ಕಡೆಯಿಂದ ತೂರಿಸಿ ಆ ಕಡೆಯಿಂದ ಎಳೆದುಕೊಂಡರು. ಕಲೆಯನ್ನು ಬಿಸಿಲಿಗೆ ಹಿಡಿದು ನೋಡಿದ ಆಕೆ, “ಬಣ್ಣ ಚೆನ್ನಾಗೇ ಇದೆಯಲ್ರೀ” ಎಂದರಂತೆ.