ವೈನಿನ ವಿಧಗಳು: ಅಪ್ಪ-ಅವ್ವ ಇಲ್ಲದಾಗ, ಇದ್ದಾಗ

ಹಣ್ಣಾದ ದ್ರಾಕ್ಷಿಯನ್ನು ಹಿಸುಕಿ, ಅದರ ಸಕ್ಕರೆಯನ್ನು ಯೀಸ್ಟಿಗೆ ತಿನ್ನಲು ಬಿಟ್ಟರೆ ಸಿಗುವುದು ವೈನ್. ಒಂದು ಲೀಟರ್ ರಸದಲ್ಲಿನ ಸುಮಾರು 17 ಗ್ರಾಂ ಸಕ್ಕರೆಯಿಂದ ಶೇ. 1ರಷ್ಟು ಆಲ್ಕೊಹಾಲ್ ಹುಟ್ಟುತ್ತದೆ. ಬಳ್ಳಿಯಲ್ಲೇ ಚೆನ್ನಾಗಿ ಮಾಗಿದ ಹಣ್ಣಾದರೆ ಈ ಲೆಕ್ಕ ಶೇ. 12ರಿಂದ 15ರವರೆಗೆ ಏರುತ್ತದೆ. 750 ಮಿಲಿಲೀಟರಿನ ಒಂದು ಬಾಟಲಿಗೆ ಒಂದು ಕೆ.ಜಿ.ಗಿಂತ ತುಸು ಹೆಚ್ಚು ಹಣ್ಣು ಬೇಕು. ವೈನಿನ ಗುಣಗಳನ್ನು ಪುಸ್ತಕಗಳು ನಾಲ್ಕಾಗಿ ವಿಂಗಡಿಸುತ್ತವೆ: ಸಿಹಿ, ಹುಳಿ, ಒಗರು ಮತ್ತು ಗಂಟಲಲ್ಲಿ ಇಳಿಯುವ ಆಲ್ಕೊಹಾಲಿನ ಬಿಸಿ. ಹೊರನಾಡ ಕನ್ನಡ ಮನೆಗಳಲ್ಲಿ ಐದನೆಯದೊಂದಿದೆ: ಬಾಟಲಿಯನ್ನು ಯಾರೆದುರು ತೆರೆಯಬಹುದು ಎಂಬುದು. ಮೊದಲ ನಾಲ್ಕನ್ನು ನಾಲಗೆ ನಿರ್ಧರಿಸುತ್ತದೆ, ಐದನೆಯದನ್ನು ವಿಸಿಟರ್ ವೀಸಾ.

ಈ ಐದನೆಯ ಗುಣವನ್ನು ಪರೀಕ್ಷಿಸಲು ಶಹಾಪುರ ತಾಲ್ಲೂಕಿನ ಶಿರವಾಳದ ಮನೆತನ ಒಳ್ಳೆಯ ಮಾದರಿ. ಕೃಷ್ಣಾ-ಭೀಮಾ ನಡುವಿನ ಎರೆ ಭೂಮಿ, ತೊಗರಿ, ಹತ್ತಿ, ಊರ ತುಂಬ ರಾಷ್ಟ್ರಕೂಟ-ಚಾಲುಕ್ಯರ ಕಾಲದ ಕಲ್ಲಿನ ಗುಡಿಗಳು. ಇಂಥ ಊರಿಂದ ಎಂಜಿನಿಯರಿಂಗ್ ಓದಿ ಹೊರಟ ಮಗ ಕ್ಯಾಲಿಫೋರ್ನಿಯಾದ ಬೇ ಏರಿಯಾ ಸೇರುತ್ತಾನೆ. ಮೊದಲ ವರ್ಷ ಅವನ ಮನೆಯಲ್ಲಿ ಬಾಟಲಿ ಇರುವುದಿಲ್ಲ. ಎರಡನೆಯ ವರ್ಷ ಆಫೀಸಿನವರು ಕೊಟ್ಟದ್ದು ಒಂದಿರುತ್ತದೆ. ಐದನೆಯ ವರ್ಷದ ಹೊತ್ತಿಗೆ ಮರದ ಸ್ಟ್ಯಾಂಡ್ ಬಂದಿರುತ್ತದೆ. ಅಪ್ಪ-ಅವ್ವನ ಟಿಕೆಟ್ ಬುಕ್ ಆದ ದಿನ ಆ ಸ್ಟ್ಯಾಂಡು ಗ್ಯಾರೇಜಿಗೆ ಹೋಗುತ್ತದೆ, ಅದರ ಜಾಗಕ್ಕೆ ಬಸವಣ್ಣನವರ ಫೋಟೊ ಬರುತ್ತದೆ.

ಕೆಂಪು ವೈನಿನಿಂದ ಆರಂಭಿಸುವುದು ವಾಡಿಕೆ. ಬಹುಪಾಲು ಕಪ್ಪು ದ್ರಾಕ್ಷಿಗಳ ರಸಕ್ಕೂ ಬಣ್ಣವಿರುವುದಿಲ್ಲ; ಬಣ್ಣವೆಲ್ಲ ಸಿಪ್ಪೆಯದು. ರಸವನ್ನು ಸಿಪ್ಪೆ, ಬೀಜಗಳ ಸಮೇತ ಹುದುಗಿಸಿದಾಗ ಬಣ್ಣದ ಜೊತೆ ಟ್ಯಾನಿನ್ ಕೂಡ ಇಳಿಯುತ್ತದೆ. ನಾಲಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಂತಾಗುವುದು ಇದರಿಂದಲೇ. ಕ್ಯಾಬರ್ನೆ ಸೊವಿನ್ಯೋನಿನಲ್ಲಿ ಇದು ಹೆಚ್ಚು, ಮೆರ್ಲೋದಲ್ಲಿ ಕಡಿಮೆ, ಪೀನೋ ನ್ವಾರ್‌ನಲ್ಲಿ ಇನ್ನೂ ಕಡಿಮೆ. ಅಡಿಕೆಯಲ್ಲೂ ಕಡಕ್ ಚಹಾದಲ್ಲೂ ಇರುವುದು ಇದೇ ಒಗರು. ಆದ್ದರಿಂದ ಎಲೆ-ಅಡಿಕೆ ಹಾಕುವ ಶಿರವಾಳದ ಹಿರಿಯರಿಗೆ ಕ್ಯಾಬರ್ನೆ ಹೊಸದೇನಲ್ಲ. ಮೊದಲ ಗುಟುಕಿಗೇ ಅವರ ತೀರ್ಪು ಬರುತ್ತದೆ: "ಭಾಳ ಒಗರದನೋ ಇದು. ಒಂದೀಟ ಹಾಲ ಹಾಕು." ಹಾಲಿನ ಕೇಸೀನ್ ಟ್ಯಾನಿನ್ನನ್ನು ಹಿಡಿದು ಒಗರನ್ನು ತಗ್ಗಿಸುತ್ತದೆಂಬುದು ರಸಾಯನಶಾಸ್ತ್ರದ ಮಾತು; ಚಹಾಕ್ಕೆ ಹಾಲು ಒಗ್ಗುವುದೂ ಇದರಿಂದಲೇ. ಸಲಹೆ ಶಾಸ್ತ್ರಸಮ್ಮತ. ಬಾಟಲಿಯ ಬೆಲೆ ಅರವತ್ತು ಡಾಲರ್ ಆದ್ದರಿಂದ ಮಗ ಅದನ್ನು ಪಾಲಿಸುವುದಿಲ್ಲ.

ಬಿಳಿ ವೈನಿಗೆ ರಸವನ್ನು ಸಿಪ್ಪೆಯಿಂದ ಬೇರ್ಪಡಿಸಿ ಹುದುಗಿಸುತ್ತಾರೆ. ಒಗರು ಇರುವುದಿಲ್ಲ, ಹುಳಿ ಮುಂದಾಗುತ್ತದೆ. ಸೊವಿನ್ಯೋನ್ ಬ್ಲಾಂಕಿನಲ್ಲಿ ಹಸಿ ಹುಲ್ಲಿನ ವಾಸನೆ, ರೀಸ್ಲಿಂಗಿನಲ್ಲಿ ಹೂವಿನ ಪರಿಮಳ. ಶಾರ್ಡನೇಯಲ್ಲಿ ಕೆಲವೊಮ್ಮೆ ಬೆಣ್ಣೆ ಮೂಗಿಗೆ ಬಡಿಯುತ್ತದೆ. ಹಣ್ಣಿನ ಚುರುಕಾದ ಮ್ಯಾಲಿಕ್ ಆಮ್ಲವನ್ನು ಬ್ಯಾಕ್ಟೀರಿಯಾಗಳು ಮೆತ್ತಗಿನ ಲ್ಯಾಕ್ಟಿಕ್ ಆಮ್ಲವಾಗಿ ತಿರುಗಿಸುವಾಗ ಹುಟ್ಟುವ ಡೈಅಸಿಟೈಲ್ ಇದಕ್ಕೆ ಕಾರಣ. ಮನೆಯಲ್ಲಿ ತುಪ್ಪ ಕಾಯಿಸುವ ಅವ್ವ ಈ ವಾಸನೆಯನ್ನು ಮೂರು ಕೋಣೆ ಆಚೆಯಿಂದ ಹಿಡಿಯುತ್ತಾಳೆ, ಗ್ಯಾಸ್ ಆರಿಸಲು ಎದ್ದು ಬರುತ್ತಾಳೆ. ಇದೊಂದನ್ನು ಬಿಟ್ಟರೆ ಬಿಳಿ ವೈನ್ ಹಿರಿಯರಿರುವ ಮನೆಗೆ ಅತ್ಯಂತ ಅನುಕೂಲವಾದ ಬಗೆ. ಸ್ಟೀಲ್ ಲೋಟದಲ್ಲಿ ಅದು ಆಪಲ್ ಜ್ಯೂಸು. 8ರಿಂದ 12 ಡಿಗ್ರಿ ಸೆಲ್ಸಿಯಸ್ ತಣ್ಣಗಿರಬೇಕಾದ್ದರಿಂದ ಫ್ರಿಜ್ಜಿನಲ್ಲಿ ಇಡಲೂ ಕಾರಣ ಸಿಗುತ್ತದೆ.

ರೋಸೆ ಗುಲಾಬಿ ಬಣ್ಣದ್ದು. ಕಪ್ಪು ದ್ರಾಕ್ಷಿಯ ಸಿಪ್ಪೆಯನ್ನು ಕೆಲವು ಗಂಟೆ ಮಾತ್ರ ರಸದಲ್ಲಿಟ್ಟು ತೆಗೆದರೆ ಇದು ಸಿದ್ಧ. ಗುಣ ಬಿಳಿಗೆ ಹತ್ತಿರ, ನೋಟ ಜಾತ್ರೆಯ ಶರಬತ್ತಿಗೆ ಹತ್ತಿರ. ಮೊಮ್ಮಕ್ಕಳು ಕೇಳುವ ಅಪಾಯ ಇರುವುದರಿಂದ ಮನೆಗಳಲ್ಲಿ ಇದರ ಬಳಕೆ ಕಡಿಮೆ.

ನೊರೆಯುಕ್ಕುವ ವೈನಿನಲ್ಲಿ ಹೆಸರಾದದ್ದು ಫ್ರಾನ್ಸಿನ ಶಾಂಪೇನ್. ತಯಾರಾದ ವೈನಿಗೆ ಮತ್ತೆ ಸಕ್ಕರೆ, ಯೀಸ್ಟ್ ಸೇರಿಸಿ ಬಾಟಲಿಯೊಳಗೇ ಎರಡನೆಯ ಸಲ ಹುದುಗಿಸುತ್ತಾರೆ. ಹೊರಹೋಗಲು ದಾರಿಯಿಲ್ಲದ ಅನಿಲ ಐದಾರು ವಾಯುಭಾರದಷ್ಟು ಒತ್ತಡ ತರುತ್ತದೆ. ಕಾರಿನ ಟೈರಿನ ಎರಡು-ಮೂರು ಪಟ್ಟು. ಬಿರಡೆ ಹಾರುವ ಸದ್ದನ್ನು ಬಚ್ಚಿಡಲಾಗದು. ಅನುಭವಸ್ಥರು ಕುಕ್ಕರ್ ಮೂರನೆಯ ಸೀಟಿ ಹೊಡೆಯುವವರೆಗೆ ಕಾಯುತ್ತಾರೆ. ಗ್ರೀನ್ ಕಾರ್ಡ್ ಬಂದ ದಿನ ಮಾತ್ರ ಈ ಎಚ್ಚರಿಕೆ ತಪ್ಪುತ್ತದೆ, ಅಂದು ಅಪ್ಪ "ಏನ್ ಸಿಡೀತಲೇ?" ಎಂದು ಮೇಲಿನ ಕೋಣೆಯಿಂದ ಕೇಳುತ್ತಾರೆ.

ಕೊನೆಯದು ಸಿಹಿ ಮತ್ತು ಗಡಸು ವೈನ್. ಹುದುಗು ಮುಗಿಯುವ ಮೊದಲೇ ದ್ರಾಕ್ಷಿಯ ಸ್ಪಿರಿಟ್ ಸುರಿದರೆ ಯೀಸ್ಟ್ ಸತ್ತು, ಸಕ್ಕರೆ ಉಳಿದು, ಬಲ ಶೇ. 19-20ಕ್ಕೆ ಏರುತ್ತದೆ. ಪೋರ್ಚುಗಲ್ಲಿನ ಪೋರ್ಟ್ ಈ ಜಾತಿಯದು. ಇದರ ದೂರದ ನೆಂಟನೊಬ್ಬ ಶಿರವಾಳದಿಂದ ಬಂದ ಸೂಟ್‌ಕೇಸಿನಲ್ಲೇ, ಶೇಂಗಾ ಹಿಂಡಿಯ ಪಕ್ಕ ಇರುತ್ತಾನೆ. ಒಣದ್ರಾಕ್ಷಿಯ ಕಷಾಯಕ್ಕೆ ಬೆಲ್ಲ, ಧಾತಕಿ ಹೂ ಹಾಕಿ ಹಲವು ವಾರ ಮುಚ್ಚಿಟ್ಟು ಮಾಡುವ ದ್ರಾಕ್ಷಾರಿಷ್ಟ. ಅದರಲ್ಲಿ ತಾನಾಗಿ ಹುಟ್ಟಿದ ಆಲ್ಕೊಹಾಲ್ ಇರುತ್ತದೆಂದು ಲೇಬಲ್ಲೇ ಹೇಳುತ್ತದೆ. ಅವ್ವ ಊಟವಾದ ಮೇಲೆ ಅದನ್ನು ಬಿಸಿನೀರಿನಲ್ಲಿ ಬೆರೆಸಿ ಎಲ್ಲರೆದುರು ಕುಡಿಯುತ್ತಾಳೆ. ಆ ಹೊತ್ತಿಗೆ ಮಗ ಗ್ಯಾರೇಜಿನಲ್ಲಿರುತ್ತಾನೆ.

ವಿಧಗಳ ನಂತರ ನೆಲದ ಗುಣ. ಒಂದೇ ತಳಿಯ ದ್ರಾಕ್ಷಿ ಬೇರೆ ಮಣ್ಣು, ಬೇರೆ ಹವೆಯಲ್ಲಿ ಬೇರೆ ರುಚಿ ಕೊಡುತ್ತದೆ. ಫ್ರಾನ್ಸ್ 1935ರಲ್ಲೇ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಟ್ಟಿತು. ಬೇ ಏರಿಯಾದ ಕನ್ನಡಿಗರಿಗೆ ಈ ಪಾಠ ಲಿವರ್‌ಮೋರಿನಲ್ಲಿ ಆಗುತ್ತದೆ. ಅವರು ಅಲ್ಲಿಗೆ ಹೋಗುವುದು ಶಿವ-ವಿಷ್ಣು ದೇವಸ್ಥಾನಕ್ಕೆ. ಅದೇ ಊರಲ್ಲಿ 1883ರಲ್ಲಿ ಶುರುವಾದ ವೆಂಟೆ ಮತ್ತು ಕಾನ್‌ಕಾನನ್ ದ್ರಾಕ್ಷಿತೋಟಗಳಿವೆ. ಕ್ಯಾಲಿಫೋರ್ನಿಯಾದ ಶಾರ್ಡನೇ ಬಳ್ಳಿಗಳಲ್ಲಿ ಬಹುಪಾಲು ವೆಂಟೆ ತೋಟದ ಕಡ್ಡಿಯಿಂದ ಹಬ್ಬಿದವು. ದರ್ಶನ, ಪ್ರಸಾದ ಮುಗಿದ ಮೇಲೆ "ಸುಮ್ನ ತೋಟ ನೋಡಿ ಬರೂಣು" ಎಂಬ ಮಾತು ಬರುತ್ತದೆ. ಅಪ್ಪ ತೋಟವನ್ನೇ ನೋಡುತ್ತಾರೆ. ಸಾಲಿನಿಂದ ಸಾಲಿಗೆ ಹೆಜ್ಜೆ ಹಾಕಿ ಅಳೆಯುತ್ತಾರೆ, ಕಲ್ಲು-ಗರಸು ಮಣ್ಣನ್ನು ಬೆರಳಲ್ಲಿ ತಿಕ್ಕುತ್ತಾರೆ, ಎಕರೆಗೆ ಎಷ್ಟು ಇಳುವರಿ ಎಂದು ಕೇಳುತ್ತಾರೆ. ಒಳ್ಳೆಯ ವೈನಿಗೆ ಎಕರೆಗೆ ನಾಲ್ಕೈದು ಟನ್ ಸಾಕು, ಹೆಚ್ಚಾದರೆ ರಸ ತೆಳುವಾಗುತ್ತದೆ ಎಂದು ಮಾರ್ಗದರ್ಶಿ ಹೇಳಿದಾಗ, ಬೇಕೆಂದೇ ಕಡಿಮೆ ಬೆಳೆಯುವ ರೈತನನ್ನು ಮೊದಲ ಸಲ ಕಂಡ ಅಪ್ಪ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಳ್ಳುತ್ತಾರೆ. ನೆಲದ ಗುಣ ಅವರಿಗೆ ಹೇಳಿಕೊಡಬೇಕಾಗಿಲ್ಲ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿದೆ, ಎರೆ ಮಣ್ಣಿನ ತೊಗರಿ ಯಾವುದು, ಮಸಾರಿಯದು ಯಾವುದು ಎಂಬುದನ್ನು ಬೇಳೆ ಬೆಂದ ವಾಸನೆಯಿಂದಲೇ ಹೇಳಬಲ್ಲವರು ಅವರು.

ಕರ್ನಾಟಕದಲ್ಲೂ ವೈನ್ ಇದೆಯೆಂಬುದು ಮಗನಿಗೆ ಗೊತ್ತಾಗುವುದು ಅಮೆರಿಕದಲ್ಲಿ. ನಂದಿಬೆಟ್ಟದ ತಪ್ಪಲಲ್ಲಿ ಗ್ರೋವರ್ ಕುಟುಂಬ 1988ರಲ್ಲಿ ಫ್ರೆಂಚ್ ತಳಿಗಳೊಂದಿಗೆ ಆರಂಭಿಸಿದ ಉದ್ಯಮದ ಮೊದಲ ವೈನ್ 1992ರಲ್ಲಿ ಬಂತು. ರಾಜ್ಯ ಸರ್ಕಾರ 2007ರಲ್ಲಿ ವೈನ್ ನೀತಿ ತಂದು ದ್ರಾಕ್ಷಾರಸ ಮಂಡಳಿಯನ್ನೂ ಕಟ್ಟಿತು. ಶಿರವಾಳದ ಸೀಮೆಗೆ ಹತ್ತಿರದ ದ್ರಾಕ್ಷಿ ನಾಡು ವಿಜಯಪುರ. ಅಲ್ಲಿಯ ಹಣ್ಣು ಹೆಚ್ಚಾಗಿ ಒಣದ್ರಾಕ್ಷಿಯಾಗಿ ಮಾರುಕಟ್ಟೆಗೆ ಹೋಗುತ್ತದೆ. ಈಚಲ ಮರದ ಸೇಂದಿಯ ಕಾಲವನ್ನು ಕಂಡ ಹಿರಿಯರಿಗೆ ಹುದುಗಿನ ಶಾಸ್ತ್ರವೂ ಗೊತ್ತು: ಬೆಳಿಗ್ಗೆ ಸಿಹಿ ಇದ್ದದ್ದು ಸಂಜೆಗೆ ಹುಳಿ. ಗೊತ್ತಿರುವುದನ್ನು ಸೊಸೆಯೆದುರು ಹೇಳುವುದಿಲ್ಲ.

ಸವಿಯುವ ಕ್ರಮದಲ್ಲಿ ಐದು ಹೆಜ್ಜೆ: ನೋಡುವುದು, ಲೋಟ ತಿರುಗಿಸುವುದು, ಮೂಸುವುದು, ಗುಟುಕರಿಸುವುದು, ಉಗುಳುವುದು. ತಿರುಗಿಸಿದಾಗ ಗಾಳಿ ಸೇರಿ ವಾಸನೆ ಏಳುತ್ತದೆ. ಮೂಸಿದಾಗ ರುಚಿಯ ಅರ್ಧಕ್ಕಿಂತ ಹೆಚ್ಚು ತಿಳಿದುಹೋಗುತ್ತದೆ. ಒಂದೇ ಮಧ್ಯಾಹ್ನ ಹತ್ತಾರು ಬಗೆ ಸವಿಯುವ ವೃತ್ತಿಪರರು ಅಮಲೇರದಿರಲೆಂದು ಪಕ್ಕದ ಪಾತ್ರೆಗೆ ಉಗುಳುತ್ತಾರೆ. ಐದು ಹೆಜ್ಜೆಗಳಲ್ಲಿ ಅವ್ವ ಒಪ್ಪುವುದು ಕೊನೆಯದೊಂದನ್ನೇ, ಅದಕ್ಕೂ ಒಂದು ತಕರಾರಿದೆ: "ಉಗುಳೂದಿದ್ರ ರೊಕ್ಕ ಯಾಕ ಕೊಟ್ರು?" ಎಲೆ-ಅಡಿಕೆಯ ಐವತ್ತು ವರ್ಷದ ಅಭ್ಯಾಸವುಳ್ಳ ಅಪ್ಪ ಮೂರು ಅಡಿ ದೂರದಿಂದ ಪಾತ್ರೆಯ ನಡುವಿಗೆ ಗುರಿಯಿಡುತ್ತಾರೆ. ಕೌಂಟರಿನಲ್ಲಿರುವ ಹುಡುಗಿ ಅವರನ್ನು ದೊಡ್ಡ ಪರಿಣತರೆಂದು ತಿಳಿದು ಎರಡನೆಯ ಬಾಟಲಿ ತೆಗೆಯುತ್ತಾಳೆ.

ವಾಸನೆಗೆ ಹೆಸರಿಡುವುದು ಕಷ್ಟದ ಭಾಗ. ಕ್ಯಾಬರ್ನೆಯಲ್ಲಿ ಬ್ಲ್ಯಾಕ್‌ಕರಂಟ್ ಹಣ್ಣು ಕಾಣುತ್ತದೆ ಎಂದು ಎಲ್ಲ ಪುಸ್ತಕಗಳೂ ಬರೆಯುತ್ತವೆ. ಮಗ ಆ ಹಣ್ಣನ್ನು ತಿಂದಿಲ್ಲ. ಅಮೆರಿಕನ್ನರೂ ಅಷ್ಟಾಗಿ ತಿಂದಿಲ್ಲ; ಪೈನ್ ಮರಕ್ಕೆ ರೋಗ ಹರಡುತ್ತದೆಂದು ಅದರ ಬೆಳೆಗೆ ಅಲ್ಲಿದ್ದ ರಾಷ್ಟ್ರೀಯ ನಿಷೇಧ ತೆರವಾದದ್ದೇ 1966ರಲ್ಲಿ. ಹೀಗೆ ಹೇಳುವವರಿಗೂ ಕೇಳುವವರಿಗೂ ಗೊತ್ತಿಲ್ಲದ ಹಣ್ಣಿನ ಹೆಸರಲ್ಲಿ ವ್ಯಾಪಾರ ಸುಗಮವಾಗಿ ಸಾಗುತ್ತದೆ. ಅದೇ ಲೋಟವನ್ನು ಅಪ್ಪ ಮೂಸಿದರೆ ನೇರಳೆ ಹಣ್ಣು, ಹೊಸ ಚಪ್ಪಲಿಯ ಚರ್ಮ, ಮೊದಲ ಮಳೆ ಬಿದ್ದ ಹೊಲ ಎಂದು ಬಿಡಿಬಿಡಿಯಾಗಿ ಹೇಳುತ್ತಾರೆ. ಮಗ ಅದನ್ನು ಇಂಗ್ಲಿಷಿಗೆ ತಿರುಗಿಸಿ ಮರುವಾರ ಆಫೀಸಿನ ಪಾರ್ಟಿಯಲ್ಲಿ ತನ್ನದೆಂದು ಹೇಳುತ್ತಾನೆ.

ಸಸ್ಯಾಹಾರದ ಪ್ರಶ್ನೆ ಇಲ್ಲಿಯೇ ಬರಬೇಕು. ಹಣ್ಣಿನ ರಸಕ್ಕೆ ಮಡಿ-ಮೈಲಿಗೆ ಏನು ಎಂಬ ವಾದದಿಂದ ವೈನನ್ನು ಒಳಗೆ ಬಿಟ್ಟುಕೊಂಡ ಮನೆಗಳಿಗೆ ಅದನ್ನು ತಿಳಿಗೊಳಿಸುವ ವಿಧಾನ ತಡವಾಗಿ ಗೊತ್ತಾಗುತ್ತದೆ. ಮಬ್ಬನ್ನು ತಳಕ್ಕೆ ಇಳಿಸಲು ಕೆಲವರು ಮೊಟ್ಟೆಯ ಬಿಳಿ, ಕೆಲವರು ಹಾಲಿನ ಕೇಸೀನ್, ಕೆಲವರು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಬಳಸುತ್ತಾರೆ. ಶೇ. 14 ಆಲ್ಕೊಹಾಲಿಗೆ ಕದಲದ ಸೊಸೆ ಮೀನಿನ ಹೆಸರು ಕೇಳಿ ಲೋಟ ಕೆಳಗಿಡುತ್ತಾಳೆ. ಬೆಂಟೊನೈಟ್ ಎಂಬ ಜೇಡಿಮಣ್ಣಿನಿಂದಲೂ ತಿಳಿಗೊಳಿಸಬಹುದು. ಪ್ರಾಣಿಜನ್ಯ ಏನೂ ಸೇರದ ಬಾಟಲಿಯ ಮೇಲೆ ಹಲವು ತಯಾರಕರು ವೀಗನ್ ಎಂದು ಮುದ್ರಿಸುತ್ತಾರೆ. ಅಂದಿನಿಂದ ಆ ಮನೆಗೆ ಶುದ್ಧ ಮಣ್ಣಿನದು ಮಾತ್ರ ಬರುತ್ತದೆ.

ಊಟದ ಜೊತೆ ಹೊಂದಿಸಲು ಮೂರು ಸೂತ್ರ ಸಾಕು. ಮೊದಲನೆಯದು, ಆಲ್ಕೊಹಾಲೂ ಒಗರೂ ಮೆಣಸಿನಕಾಯಿಯ ಉರಿಯನ್ನು ಏರಿಸುತ್ತವೆ. ಕೆಂಪು ಖಾರದ ಜೊತೆ ಕ್ಯಾಬರ್ನೆ ಕುಡಿದವನು ಕೊನೆಗೆ ಮಜ್ಜಿಗೆ ಕೇಳುತ್ತಾನೆ, ತುಸು ಸಿಹಿಯುಳ್ಳ ರೀಸ್ಲಿಂಗ್ ಆದರೆ ಉರಿ ತಗ್ಗುತ್ತದೆ. ಎರಡನೆಯದು, ಹುಳಿಗೆ ಹುಳಿಯೇ ಜೋಡಿ. ಪುಂಡಿ ಪಲ್ಯದ ಎದುರು ನಿಲ್ಲುವುದು ಸೊವಿನ್ಯೋನ್ ಬ್ಲಾಂಕ್. ಎಣ್ಣೆಗಾಯಿ, ಜೋಳದ ರೊಟ್ಟಿಗೆ ಒಗರು ಕಡಿಮೆಯಿರುವ ಪೀನೋ ನ್ವಾರ್ ಹೊಂದುತ್ತದೆ. ಮೂರನೆಯದು, ಸಿಹಿ ತಿನಿಸಿಗಿಂತ ವೈನ್ ಹೆಚ್ಚು ಸಿಹಿ ಇರಬೇಕು. ಹೂರಣದ ಹೋಳಿಗೆಗಿಂತ ಸಿಹಿಯಾದ ವೈನ್ ಹುಡುಕುವುದು ಸುಲಭವಲ್ಲ, ಮೇಲೆ ತುಪ್ಪ ಬಿದ್ದ ಮೇಲಂತೂ ಆಗದು.

ಹೃದಯಕ್ಕೆ ಒಳ್ಳೆಯದು ಎಂಬ ಗುಣವನ್ನು ಮಗ ಕೊನೆಯ ಅಸ್ತ್ರವಾಗಿ ಇಟ್ಟುಕೊಂಡಿರುತ್ತಾನೆ. ಫ್ರೆಂಚರು ಬೆಣ್ಣೆ ತಿಂದೂ ಹೃದಯಾಘಾತದಿಂದ ತಪ್ಪಿಸಿಕೊಳ್ಳುವುದು ಕೆಂಪು ವೈನಿನಿಂದ ಎಂಬ ವಾದವನ್ನು 1991ರಲ್ಲಿ ಅಮೆರಿಕದ ಟಿವಿ ಕಾರ್ಯಕ್ರಮವೊಂದು ಮನೆಮನೆಗೆ ಮುಟ್ಟಿಸಿತ್ತು. ಯಾವ ಪ್ರಮಾಣದ ಆಲ್ಕೊಹಾಲೂ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ಮೊದಲನೆಯದನ್ನು ಮಗ ಅಪ್ಪನಿಗೆ ಓದಿ ಹೇಳುತ್ತಾನೆ, ಎರಡನೆಯದನ್ನು ಸೊಸೆ ಅವ್ವನಿಗೆ ಕಳಿಸುತ್ತಾಳೆ.

ಇಡುವ ಕ್ರಮ ಹೀಗೆ: ಬೆಳಕಿಲ್ಲದ ಜಾಗ, 12-13 ಡಿಗ್ರಿ ಸೆಲ್ಸಿಯಸ್, ಬಿರಡೆ ಒಣಗದಂತೆ ಬಾಟಲಿ ಅಡ್ಡ. ತಿರುಪಿನ ಮುಚ್ಚಳವಿದ್ದರೆ ನೆಟ್ಟಗಿದ್ದರೂ ಅಡ್ಡಿಯಿಲ್ಲ. ಹಳೆಯದಾದಷ್ಟೂ ರುಚಿ ಎಂಬ ಮಾತು ಕೆಲವಕ್ಕೆ ಮಾತ್ರ ಸಲ್ಲುತ್ತದೆ. ಅಂಗಡಿಯ ಬಹುಪಾಲು ವೈನ್ ಎರಡು-ಮೂರು ವರ್ಷದಲ್ಲಿ ಕುಡಿದು ಮುಗಿಸಬೇಕಾದದ್ದು. ಆದರೆ 1973ರಿಂದ ನಡೆದು ಬಂದ ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟದ ನಾಡಿನಲ್ಲಿ ಸ್ನೇಹಿತರಿಗೆ ಕೊರತೆಯಿಲ್ಲ. ಆದ್ದರಿಂದ ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಬಂದ ಬಾಟಲಿ ನಾಮಕರಣಕ್ಕೆ ಹೋಗಿ, ಅಲ್ಲಿಂದ ಸೀಮಂತಕ್ಕೆ ಸಾಗಿ, ಯಾರೂ ತೆರೆಯದೆ ಕಾರಿನ ಡಿಕ್ಕಿಯಲ್ಲೇ ಹಲವು ಬೇಸಿಗೆ ಕಳೆಯುತ್ತದೆ.

ಬಿರಡೆ ತೆಗೆದ ಕೆಂಪು ವೈನ್ ಮೂರರಿಂದ ಐದು ದಿನ ಬಾಳುತ್ತದೆ. ಆಮೇಲೆ ಗಾಳಿಯಲ್ಲಿನ ಅಸಿಟೋಬ್ಯಾಕ್ಟರ್ ಒಳಹೊಕ್ಕು ಆಲ್ಕೊಹಾಲನ್ನು ಅಸಿಟಿಕ್ ಆಮ್ಲ ಮಾಡುತ್ತದೆ. ಅಪ್ಪ-ಅವ್ವ ಇರುವ ಆರು ತಿಂಗಳು ಗ್ಯಾರೇಜಿನಲ್ಲಿ ಅರ್ಧ ಉಳಿದ ಬಾಟಲಿಗಳೆಲ್ಲ ಹೀಗೆ ವಿನೆಗರ್ ಆಗುತ್ತವೆ. ವಿನೆಗರನ್ನು ಗೋಬಿ ಮಂಚೂರಿಗೆ ಹಾಕುತ್ತಾರೆ, ಗೋಬಿ ಮಂಚೂರಿಯನ್ನು ಇಡೀ ಮನೆ ಒಟ್ಟಿಗೆ ಕೂತು ತಿನ್ನುತ್ತದೆ.