ಒಳ್ಳೆಯ ಆಟಗಾರರನ್ನು ಹುಡುಕಿ ಓಡಿಸುವ ವಿಧಾನ

ಆಟದ ಪರಿಚಯ ಇಲ್ಲದವರು ಈ ಒಂದು ಪ್ಯಾರಾ ಓದಿಕೊಂಡು ಒಳಗೆ ಬನ್ನಿ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಸೇರಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಹೊರತಂದರು. ಮೇಜಿನ ಸುತ್ತ ನಾಲ್ಕೈದು ಮಂದಿ ಕೂತು ಒಬ್ಬ ಮಂತ್ರವಾದಿ, ಒಬ್ಬ ಯೋಧ, ಒಬ್ಬ ಕಳ್ಳ ಹೀಗೆ ಪಾತ್ರ ಹಂಚಿಕೊಳ್ಳುತ್ತಾರೆ. ಉಳಿದ ಊರು, ಕಾಡು, ರಾಕ್ಷಸ, ಛತ್ರದ ಯಜಮಾನ, ಮಳೆ ಎಲ್ಲವೂ ಡಂಜನ್ ಮಾಸ್ಟರ್ ಒಬ್ಬನ ಪಾಲು. ಅವನನ್ನು ಡಿಎಂ ಅನ್ನುತ್ತಾರೆ. ಆಟಗಾರ ‘ನಾನು ಹೀಗೆ ಮಾಡ್ತೀನಿ’ ಅನ್ನುತ್ತಾನೆ, ಆಯಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಈಗ ಮೇಜಿನ ಜಾಗಕ್ಕೆ ರೋಲ್ 20, ಫೌಂಡ್ರಿ, ಡಿಸ್ಕಾರ್ಡ್ ಎಂಬ ಆನ್‌ಲೈನ್ ಸವಲತ್ತುಗಳು ಬಂದಿವೆ. ಜಯನಗರದಲ್ಲಿ ಕೂತು ಸ್ಯಾನ್ ಹೋಸೆಯ ಗೆಳೆಯನ ಜೊತೆ ಗುಹೆ ಹೊಗಬಹುದು.

ಡಿಎಂ ಆಗಲು ಹೊರಟಿದ್ದೀರಿ, ಸಂತೋಷ. ಆಡಲು ಬರುವವರು ಜಾಸ್ತಿ, ಆಡಿಸುವವರು ಕಡಿಮೆ ಇರುವ ಸಂತೆ ಇದು. ಆದ್ದರಿಂದ ಆಟಗಾರರು ತಾವಾಗಿಯೇ ಬರುತ್ತಾರೆ. ಬಂದವರನ್ನು ಕಳಿಸುವುದಕ್ಕೆ ಮಾತ್ರ ಶ್ರಮ ಬೇಕು.

ಮೊದಲು ಪ್ರಕಟಣೆ ಹಾಕಿ. ‘ಗಂಭೀರ ಆಟಗಾರರು ಮಾತ್ರ ಸಂಪರ್ಕಿಸಿ’ ಎಂದು ಶುರು ಮಾಡಿ. ಯಾವ ವಾರ, ಎಷ್ಟು ಹೊತ್ತು, ಯಾವ ಭಾಷೆ, ನಗಿಸುವ ಕತೆಯೋ ಹೆದರಿಸುವ ಕತೆಯೋ ಎಂಬುದನ್ನು ಬರೆಯಬೇಡಿ. 2014ರ ನಿಯಮ ಪುಸ್ತಕವೋ 2024ರ ಪರಿಷ್ಕೃತ ಪುಸ್ತಕವೋ ಎಂಬುದನ್ನೂ ಹೇಳಬೇಡಿ. ಅರ್ಧ ಜನ ಹಳೆಯದನ್ನು, ಇನ್ನರ್ಧ ಜನ ಹೊಸದನ್ನು ಓದಿಕೊಂಡು ಬಂದರೆ ಮೊದಲ ಕಾಳಗದಲ್ಲೇ ಎರಡು ಪಕ್ಷ ತಯಾರಾಗುತ್ತವೆ. ರಾಕ್ಷಸರ ಖರ್ಚು ಉಳಿಯುತ್ತದೆ.

ಬಂದ ಅರ್ಜಿಗಳನ್ನು ಎಚ್ಚರದಿಂದ ನೋಡಿ. ಒಬ್ಬಳು ಹೀಗೆ ಬರೆದಿರುತ್ತಾಳೆ: ‘ನಾನು ಹೊಸಬಳು ಸರ್. ದಾಳ ಎಲ್ಲಿ ಒತ್ತಬೇಕು ಅಂತಾನೂ ಗೊತ್ತಿಲ್ಲ. ಆದ್ರೆ ಭಾನುವಾರ ತಪ್ಪದೆ ಬರ್ತೀನಿ. ಬೇರೆಯವರು ಏನು ಪಾತ್ರ ತಗೊಂಡಿದಾರೆ ಹೇಳ್ತೀರಾ? ಅದಕ್ಕೆ ಹೊಂದೋ ಥರ ಮಾಡ್ಕೋತೀನಿ.’ ಇವಳನ್ನು ಕಾಯುವವರ ಪಟ್ಟಿಗೆ ಹಾಕಿ. ಹೊಂದಿಕೊಳ್ಳುವವರ ಚಟ ಒಮ್ಮೆ ಅಂಟಿದರೆ ಬಿಡಿಸುವುದು ಕಷ್ಟ. ಇನ್ನೊಬ್ಬ ಪುಟಗಟ್ಟಲೆ ಪೂರ್ವಕತೆ ಕಳಿಸಿರುತ್ತಾನೆ. ಅವನ ಪಾತ್ರದ ತಂದೆತಾಯಿಯನ್ನು ಡ್ರ್ಯಾಗನ್ ಸುಟ್ಟಿದೆ, ಮೈಯಲ್ಲಿ ರಾಜರಕ್ತ ಹರಿಯುತ್ತಿದೆ, ಯಾರನ್ನೂ ನಂಬುವುದಿಲ್ಲ, ಯಾರ ಜೊತೆಗೂ ಮಾತಾಡುವುದಿಲ್ಲ, ಇಷ್ಟೆಲ್ಲ ಮೊದಲನೇ ಹಂತದಲ್ಲೇ. ಇವನಿಗೆ ಆ ಕ್ಷಣವೇ ಜಾಗ ಕೊಡಿ. ಐದು ಮಂದಿ ಕೂತು ಮಾತಾಡುವ ಆಟಕ್ಕೆ ಯಾರ ಜೊತೆಗೂ ಮಾತಾಡದವನೇ ಆಧಾರಸ್ತಂಭ.

ಒಂದೇ ಸಂಜೆಯಲ್ಲಿ ಮುಗಿಯುವ ಸಣ್ಣ ಕತೆ ಆಡಿಸಿ ಜನರನ್ನು ಪರೀಕ್ಷಿಸುವ ದುರಭ್ಯಾಸ ಕೆಲವರಿಗಿದೆ. ಯಾರು ಮಾತಿಗೆ ಜಾಗ ಬಿಡುತ್ತಾರೆ, ಯಾರು ಇನ್ನೊಬ್ಬರ ಸರದಿ ನುಂಗುತ್ತಾರೆ ಎಂಬುದು ಮೂರು ಗಂಟೆಯಲ್ಲೇ ಗೊತ್ತಾಗಿಬಿಡುತ್ತದೆ. ಅಷ್ಟು ಬೇಗ ಯಾಕೆ ಗೊತ್ತಾಗಬೇಕು? ನೇರವಾಗಿ ಎರಡು ವರ್ಷದ ಮಹಾಕತೆಗೆ ಎಲ್ಲರನ್ನೂ ಕೂಡಿಸಿ. ನಾಲ್ಕೈದು ಜನ ಸಾಕು ಅನ್ನುವವರ ಮಾತು ಕೇಳದೆ ಎಂಟು ಜನರನ್ನು ಸೇರಿಸಿ. ಕಾಳಗದಲ್ಲಿ ಒಬ್ಬೊಬ್ಬರಿಗೆ ಐದು ನಿಮಿಷ ಹಿಡಿದರೂ ಒಂದು ಸುತ್ತಿಗೆ ನಲವತ್ತು ನಿಮಿಷ. ಕತ್ತಿ ಬೀಸಿದವನು ಮತ್ತೆ ಬೀಸುವಷ್ಟರಲ್ಲಿ ಕುಕ್ಕರ್ ಇಟ್ಟು, ಅನ್ನ ಮಾಡಿ, ಒಂದು ಸಲ ಬಡಿಸಿಯೂ ಬರಬಹುದು. ಕುಟುಂಬಸ್ಥರಿಗೆ ಇದೇ ಅನುಕೂಲ.

ಈಗ ವೇಳೆಯ ವಿಚಾರ. ಇದರಲ್ಲಿ ಪಳಗಿದರೆ ಉಳಿದ ಯಾವ ಅಧ್ಯಾಯವನ್ನೂ ಓದುವ ಅಗತ್ಯವಿಲ್ಲ. ಬೆಂಗಳೂರಿನ ಕೆಲವರು, ಕ್ಯಾಲಿಫೋರ್ನಿಯಾದ ಕೆಲವರು, ಡಬ್ಲಿನ್‌ನ ಒಬ್ಬ ಇರುವ ಗುಂಪನ್ನೇ ಆರಿಸಿ. ನಮ್ಮ ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಬೇಸಿಗೆಯ ಕ್ಯಾಲಿಫೋರ್ನಿಯಾದಲ್ಲಿ ಶನಿವಾರ ರಾತ್ರಿ ಒಂಬತ್ತು. ಡಬ್ಲಿನ್‌ನಲ್ಲಿ ಬೆಳಗಿನ ಜಾವ ಐದು. ಅವನಿಗೆ ‘ಬ್ರಾಹ್ಮೀ ಮುಹೂರ್ತದಲ್ಲಿ ಎದ್ದರೆ ಆರೋಗ್ಯ’ ಎಂದು ಸಮಾಧಾನ ಹೇಳಿ. ಅಮೆರಿಕದವರು ನವೆಂಬರ್ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಐರ್ಲೆಂಡಿನವರು ಅದಕ್ಕೂ ಮುಂಚೆ, ಅಕ್ಟೋಬರ್ ಕೊನೆಯ ಭಾನುವಾರ. ನಾವು ತಿರುಗಿಸುವುದೇ ಇಲ್ಲ. ಇದನ್ನು ಯಾರಿಗೂ ನೆನಪಿಸಬೇಡಿ. ‘ಎಂದಿನ ಟೈಮಿಗೆ’ ಎಂದಷ್ಟೇ ಗುಂಪಿಗೆ ಹಾಕಿ. ಒಬ್ಬ ಖಾಲಿ ಕರೆಯಲ್ಲಿ ಒಂದು ಗಂಟೆ ಕಾದು ಹೋಗಿರುತ್ತಾನೆ, ಇನ್ನೊಬ್ಬ ಬರುವಷ್ಟರಲ್ಲಿ ಮೂರನೆಯವನು ಮಗುವನ್ನು ಈಜಿಗೆ ಬಿಡಲು ಹೊರಟಿರುತ್ತಾನೆ. ಒಬ್ಬ ಬರದಿದ್ದರೂ ಆಟ ರದ್ದು ಮಾಡಿ. ಮೂರು ಜನ ಇದ್ದರೂ ಆಡುತ್ತೇವೆ ಎಂಬ ನಿಯಮವನ್ನು ಅಪ್ಪಿತಪ್ಪಿಯೂ ಮಾಡಬೇಡಿ. ಹಾಗೆ ಮಾಡಿದ ಗುಂಪುಗಳು ವರ್ಷಗಟ್ಟಲೆ ಉಳಿದುಬಿಟ್ಟಿವೆ.

ಆಟ ಶುರುವಾಗುವ ಮುಂಚೆ ಎಲ್ಲರೂ ಕೂತು, ಏನು ಬೇಕು ಏನು ಬೇಡ ಎಂದು ಮಾತಾಡಿಕೊಳ್ಳುವುದಕ್ಕೆ ‘ಸೆಷನ್ ಝೀರೋ’ ಅನ್ನುತ್ತಾರೆ. ಹೆಸರಲ್ಲೇ ಸೊನ್ನೆ ಇರುವುದನ್ನು ಗಮನಿಸಿ ಬಿಟ್ಟುಬಿಡಿ. ಜಾನ್ ಸ್ಟಾವ್ರೊಪೌಲಸ್ ಎಂಬ ಅಮೆರಿಕದ ಆಟ ವಿನ್ಯಾಸಕ ಎಕ್ಸ್ ಕಾರ್ಡ್ ಎಂಬ ಉಪಾಯ ಮಾಡಿಟ್ಟಿದ್ದಾರೆ. ಸಂಕಟವಾಗುವ ಸನ್ನಿವೇಶ ಬಂದರೆ ಎಕ್ಸ್ ಬರೆದ ಚೀಟಿ ಮುಟ್ಟಿದರೆ ಸಾಕು, ಕಾರಣ ಕೇಳದೆ ಕತೆ ಮುಂದೆ ಹೋಗುತ್ತದೆ. ಅಂತರ್ಜಾಲದಲ್ಲಿ ಚಾಟ್‌ನಲ್ಲಿ ಒಂದು ಎಕ್ಸ್ ಒತ್ತಿದರೂ ಆಯಿತು. ಯಾರಾದರೂ ಒತ್ತಿದರೆ ನೀವು ಆಟ ನಿಲ್ಲಿಸಿ, ‘ಯಾಕೆ, ಏನಾಯ್ತು, ಎಲ್ಲರಿಗೂ ಕೇಳೋ ಹಾಗೆ ಹೇಳಮ್ಮ’ ಅನ್ನಿ. ಎರಡನೇ ಸಲ ಯಾರೂ ಒತ್ತುವುದಿಲ್ಲ.

ಮೊದಲ ಆಟದ ದಿನ ಬಂತು. ನೀವು ಬರೆದ ಪೀಠಿಕೆಯನ್ನು ಪೂರ್ತಿ ಓದಿ. ಐದು ರಾಜವಂಶ, ಎರಡು ಶಾಪ, ದೇವರುಗಳ ಜಗಳ ಯಾವುದನ್ನೂ ಬಿಡಬೇಡಿ. ಎಲ್ಲ ಖಳರಿಗೂ ವಜ್ರಮುನಿಯವರ ದನಿ ಕೊಡಿ, ಸಾಧ್ಯವಾದರೆ ಗಿಡುಗಕ್ಕೂ. ನಡುವೆ ಯಾರೋ ಮೈಕ್ ಒತ್ತಿ, ಕಾಯುವವರ ಪಟ್ಟಿಯಿಂದ ಕೊನೆಗೂ ಒಳಬಂದ ಆ ಹೊಸ ಹುಡುಗಿಯೇ ಇರಬೇಕು, ‘ಸರ್, ಅಲ್ಲೊಂದು ಬಾವಿ ಇದೆ ಅಂದ್ರಲ್ಲ, ನಾನು ಇಣುಕಿ ನೋಡ್ತೀನಿ’ ಅನ್ನುತ್ತಾಳೆ. ಗಾಬರಿಯಾಗಬೇಡಿ. ‘ಬಾವಿಯಲ್ಲಿ ಏನೂ ಇಲ್ಲ’ ಅನ್ನಿ. ‘ಕಲ್ಲು ಹಾಕಿ ನೋಡಲಾ? ಎಷ್ಟು ಆಳ ಅಂತ.’ ‘ಕಲ್ಲು ಸಿಗಲ್ಲ.’ ಯಕ್ಷಗಾನ ತಾಳಮದ್ದಳೆಯಲ್ಲಿ ಭಾಗವತರು ಪದ ಎತ್ತಿ, ಆಮೇಲೆ ಮಾತನ್ನು ಅರ್ಥಧಾರಿಗಳಿಗೆ ಬಿಟ್ಟು ಸುಮ್ಮನೆ ಕೂರುತ್ತಾರೆ. ಕೃಷ್ಣ ಏನಂದಾನು, ಕೌರವ ಏನು ಮರುಮಾತು ಕೊಟ್ಟಾನು ಎಂಬುದು ಆ ಹೊತ್ತಿಗೇ ಹುಟ್ಟುತ್ತದೆ. ನೀವು ಆ ಅಪಾಯ ತಂದುಕೊಳ್ಳಬೇಡಿ. ಭಾಗವತರೂ ನೀವೇ, ಕೃಷ್ಣನೂ ನೀವೇ, ಚಂಡೆಯೂ ನೀವೇ ಆಗಿ. ಉಳಿದವರಿಗೆ ಕೇಳುವ ಭಾಗ್ಯ ಕೊಡಿ.

ಆಟಗಾರರ ನಡುವೆ ನಿಮ್ಮದೂ ಒಂದು ಪಾತ್ರ ಇಟ್ಟುಕೊಳ್ಳಿ. ಬಿಳಿ ಕೂದಲಿನ ಎಲ್ಫ್ ಬಿಲ್ಲುಗಾರ ಒಳ್ಳೆಯದು. ಆಟಗಾರರು ಮೂರು ಭಾನುವಾರ ಹೋರಾಡಿ ಡ್ರ್ಯಾಗನ್ ಅನ್ನು ಅರೆಜೀವ ಮಾಡಿದಾಗ ಕೊನೆಯ ಬಾಣ ಅವನದ್ದೇ ಆಗಿರಲಿ. ಆಮೇಲೆ ಅವನಿಂದಲೇ ಒಂದು ಭಾಷಣ. ಆಟಗಾರರು ಮೌನವಾದರೆ ಅದು ಭಕ್ತಿ ಎಂದು ತಿಳಿಯಿರಿ.

ಹಾಗೆಯೇ ನಿಮ್ಮ ಆಟವನ್ನು ‘ಕ್ರಿಟಿಕಲ್ ರೋಲ್’ಗೆ ಹೋಲಿಸುತ್ತಿರಿ. 2015ರಿಂದ ಅಂತರ್ಜಾಲದಲ್ಲಿ ನಡೆಯುತ್ತಿರುವ ಆ ಕಾರ್ಯಕ್ರಮದಲ್ಲಿ ಆಡುವವರು ವೃತ್ತಿಯಿಂದಲೇ ದನಿ ಕಲಾವಿದರು. ನಿಮ್ಮ ಗುಂಪಿನಲ್ಲಿ ಒಬ್ಬ ಚಾರ್ಟರ್ಡ್ ಅಕೌಂಟೆಂಟ್, ಒಬ್ಬ ದಂತವೈದ್ಯೆ. ‘ಅವರು ಹೇಗೆ ಅಳ್ತಾರೆ ನೋಡಿದ್ರಾ? ನೀವೂ ಸ್ವಲ್ಪ ಅಳಬೇಕು’ ಎಂದು ದಂತವೈದ್ಯೆಗೆ ಹೇಳಿ.

ನಿಯಮದ ಜಗಳ ಬಂದಾಗ ಆಟವನ್ನು ಅಲ್ಲೇ ನಿಲ್ಲಿಸಿ. ಮಂತ್ರವಾದಿ ಫೈರ್‌ಬಾಲ್ ಎಸೆದಿದ್ದಾನೆ, ಇಪ್ಪತ್ತು ಅಡಿ ತ್ರಿಜ್ಯ, ಆರು ಮುಖದ ಎಂಟು ದಾಳ. ಗಾಡಿಯ ಹಿಂದೆ ಅಡಗಿದ್ದ ಗಾಬ್ಲಿನ್ ಆ ವೃತ್ತದೊಳಗೆ ಬಂತೇ? ‘ಈಗ ಬಂತು ಅಂತಿಟ್ಕೊಳ್ಳೋಣ, ಪುಸ್ತಕ ಆಮೇಲೆ ನೋಡೋಣ’ ಎಂದು ಯಾರಾದರೂ ಅಂದರೆ ಗದರಿಸಿ. ಪುಸ್ತಕ ತೆರೆಯಿರಿ, ಪರದೆ ಹಂಚಿಕೊಳ್ಳಿ, ಪುಟ ಹುಡುಕಿ. ಉಳಿದ ಆರು ಮಂದಿ ಮೊಬೈಲ್‌ನಲ್ಲಿ ಕ್ರಿಕೆಟ್ ಸ್ಕೋರ್ ನೋಡಲಿ.

ಪ್ರತಿ ಗುಂಪಿನಲ್ಲೂ ಸ್ನೇಹಿತರ ಜೇಬಿನಿಂದಲೇ ಚಿನ್ನ ಕದಿಯುವವನೊಬ್ಬ ಇರುತ್ತಾನೆ. ಕೇಳಿದರೆ ‘ನನ್ನ ಕ್ಯಾರೆಕ್ಟರೇ ಹಾಗೆ’ ಅನ್ನುತ್ತಾನೆ. ಅವನನ್ನು ಪಕ್ಕಕ್ಕೆ ಕರೆದು ಹೇಳಬೇಡಿ, ಹೇಳಿದರೆ ತಿದ್ದಿಕೊಂಡಾನು. ಅದರ ಬದಲು ರಾತ್ರಿ ಹನ್ನೊಂದೂವರೆಗೆ ವಾಟ್ಸ್ಆ್ಯಪ್ ಗುಂಪಿಗೆ ಹೀಗೆ ಹಾಕಿ: ‘ಕೆಲವರಿಂದ ಆಟ ಹಾಳಾಗ್ತಿದೆ. ಯಾರು ಅಂತ ಅವರಿಗೇ ಗೊತ್ತು.’ ಕದ್ದವನು ಹೆಬ್ಬೆರಳು ಒತ್ತುತ್ತಾನೆ. ಬಾವಿ ಇಣುಕಿದವಳು ರಾತ್ರಿಯೆಲ್ಲ ನಿದ್ದೆ ಬಿಟ್ಟು, ಬೆಳಿಗ್ಗೆ ಕ್ಷಮೆ ಕೇಳುತ್ತಾಳೆ. ಕ್ಷಮಿಸಿ.

ಒಳ್ಳೆಯ ಆಟಗಾರರು ಜಗಳವಾಡಿ ಹೋಗುವುದಿಲ್ಲ, ಅದು ಅವರ ದೊಡ್ಡ ದೋಷ. ಮೊದಲು ಕ್ಯಾಮೆರಾ ಆಫ್ ಆಗುತ್ತದೆ. ಆಮೇಲೆ ಮೈಕ್ ಮ್ಯೂಟ್. ಆಮೇಲೆ ನೆಟ್ ಸರಿ ಇಲ್ಲ. ಆಮೇಲೆ ಅತ್ತೆಯವರ ಮನೆಯಲ್ಲಿ ಸತ್ಯನಾರಾಯಣ ಪೂಜೆ, ಅದೂ ತಿಂಗಳಿಗೆ ಮೂರು. ಈ ಹೊತ್ತಿನಲ್ಲಿ ‘ಆಟ ಹೇಗನ್ನಿಸ್ತಿದೆ, ಏನು ಬದಲಾಯಿಸಲಿ?’ ಎಂದು ಒಂದು ಸಾಲು ಕೇಳಿದರೆ ಅವರು ಉಳಿದುಬಿಡುವ ಸಂಭವವಿದೆ. ಕೇಳಬೇಡಿ. ಬರದ ಭಾನುವಾರ ಆಟ ರದ್ದಾದರೂ ಅವರ ಪಾತ್ರವನ್ನು ಸೇತುವೆಯಿಂದ ಬೀಳಿಸಿ ಕೊಂದು, ಸುದ್ದಿಯನ್ನು ಒಂದು ಎಮೋಜಿಯಲ್ಲಿ ತಿಳಿಸಿ.

ಇಷ್ಟಾದರೂ ಒಬ್ಬ ಗಟ್ಟಿಗ ಉಳಿದುಕೊಳ್ಳಬಹುದು. ಸಮಯಕ್ಕೆ ಬರುತ್ತಾನೆ, ಬೇರೆಯವರ ಮಾತು ಕೇಳಿಸಿಕೊಳ್ಳುತ್ತಾನೆ, ಕಳೆದ ವಾರ ಕತೆ ಎಲ್ಲಿ ನಿಂತಿತ್ತು ಎಂಬುದನ್ನು ಟಿಪ್ಪಣಿ ಮಾಡಿಕೊಂಡಿರುತ್ತಾನೆ. ಸಾಮಾನ್ಯ ಉಪಾಯಗಳು ಇಂಥವರಿಗೆ ನಾಟುವುದಿಲ್ಲ. ಅವನಿಗೆ ಬಡ್ತಿ ಕೊಡಿ. ಮುಂದಿನ ಆಟ ಯಾವಾಗ ಎಂದು ಎಂಟೂ ಜನರನ್ನು ಕೇಳಿ ಒಪ್ಪಿಸುವ ಜವಾಬ್ದಾರಿ ಅವನದೇ ಎಂದು ಎಲ್ಲರ ಮುಂದೆ ಘೋಷಿಸಿ, ಡಬ್ಲಿನ್‌ನವನ ನಂಬರ್ ಕೊಟ್ಟು, ಕರೆ ಕತ್ತರಿಸಿ.